ನಾಗಲಿಂಗದ ಚಿತ್ರಕ್ಕೆ ಕುಂಕುಮ

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸದ ಹೆಸರು ಕೇಳಿದರೆ ರಾಜಾಜಿನಗರದ ನಮ್ಮ ವಠಾರದವರೆಲ್ಲ ನಗುತ್ತಿದ್ದರು. ‘ಕಾರ್ಯಕ್ರಮ ಸಹಾಯಕಿ’. ಯಾವ ಕಾರ್ಯಕ್ರಮ, ಯಾರಿಗೆ ಸಹಾಯ ಎಂದು ವಿವರಿಸುವಷ್ಟರಲ್ಲಿ ನನಗೇ ಸಾಕಾಗಿಬಿಡುತ್ತಿತ್ತು. ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆ ಇನ್ನೂ ಸ್ವಲ್ಪ ದೂರ ಇರುವಾಗಲೇ, ಗಿರಣಿ ಮಾಲೀಕರೊಬ್ಬರು ಬಿಟ್ಟುಹೋದ ದೊಡ್ಡ ತೋಟವಿತ್ತು. ಎಲ್ಲೆಲ್ಲಿಂದಲೋ ತಂದು ನೆಟ್ಟ ಮರಗಳು, ನಡುವೆ ಒಂದು ಹೆಂಚಿನ ಮನೆ, ಆ ಮನೆಯ ತುಂಬ ಚಿತ್ರಗಳು. ಅದನ್ನು ನಡೆಸುತ್ತಿದ್ದ ಟ್ರಸ್ಟಿನವರು ಪ್ರತಿ ಭಾನುವಾರ ಜನರನ್ನು ಕರೆದು, ಮೊದಲು ಮರ ತೋರಿಸಿ, ಆಮೇಲೆ ಅದೇ ಮರದ ಚಿತ್ರ ತೋರಿಸಿ, ಬರೆದವರಿಂದ ನಾಲ್ಕು ಮಾತು ಆಡಿಸುತ್ತಿದ್ದರು. ಬಸ್ ನಿಲ್ದಾಣಗಳಲ್ಲಿ ಚೀಟಿ ಅಂಟಿಸುವುದರಿಂದ ಹಿಡಿದು ಬಂದವರ ಚಪ್ಪಲಿ ಸಾಲು ಮಾಡುವವರೆಗೆ ಎಲ್ಲವೂ ನನ್ನ ತಲೆಗೇ. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ಐದು ಮುಗಿದಿತ್ತು.

ತೋಟವನ್ನು ನೋಡಿಕೊಳ್ಳುತ್ತಿದ್ದವರು ಮಾರೇನಹಳ್ಳಿಯ ಒಬ್ಬ ತಾತ. ಅವರ ಹೊಲವೆಲ್ಲ ಬಡಾವಣೆಯಾದ ಮೇಲೆ ಇಲ್ಲಿಗೆ ಬಂದು ಸೇರಿದ್ದರಂತೆ. ಗೇಟು, ಪಂಪು, ಚಿತ್ರದ ಮನೆ ಎಲ್ಲದರ ಬೀಗದ ಕೈಗಳೂ ಅವರ ಉಡಿದಾರದಲ್ಲಿ ನೇತಾಡುತ್ತಿದ್ದವು. ಅವರು ಬರುವುದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು.

ಆ ವರ್ಷ ಆಯುಧಪೂಜೆ ಭಾನುವಾರವೇ ಬಂತು. ಕಾರ್ಯಕ್ರಮ ಬೇಡ, ಜನ ಮನೆಯಲ್ಲಿ ಸ್ಕೂಟರ್ ತೊಳೆಯುತ್ತಾ ಇರುತ್ತಾರೆ ಎಂದು ನಾನು ಟ್ರಸ್ಟಿನ ಸೆಕ್ರೆಟರಿಗೆ ಹೇಳಿದೆ. “ರಜಾ ದಿನ ಕಣ್ರೀ, ಹೊಸ ಬಟ್ಟೆ ಹಾಕ್ಕೊಂಡು ಎಲ್ಲಿಗಾದ್ರೂ ಹೋಗ್ಬೇಕಲ್ಲ, ಇಲ್ಲಿಗೇ ಬರ್ತಾರೆ ಬಿಡಿ” ಎಂದರು. ನನ್ನ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತೂ ಇರಲಿಲ್ಲ.

ಅಂದಿನ ವಿಷಯ ನಾಗಲಿಂಗದ ಮರ. ಮನೆಯ ಹಿಂದೆಯೇ ಇತ್ತು. ಕಾಂಡದಿಂದಲೇ ಹೊರಡುವ ಹೂ, ನಡುವೆ ಪುಟ್ಟ ಲಿಂಗ, ಅದರ ಮೇಲೆ ಬಾಗಿದ ಹೆಡೆ. ಚಿತ್ರ ಬರೆದವರು ಬಸವೇಶ್ವರನಗರದಲ್ಲಿದ್ದ, ನಿವೃತ್ತರಾದ ಡ್ರಾಯಿಂಗ್ ಟೀಚರ್, ವಯಸ್ಸಾದ ಹೆಂಗಸು. ನೀರುಬಣ್ಣ, ತೆಳುವಾದ ಕಾಗದ. ಶನಿವಾರವೇ ಬಂದು ನೋಡಿ, “ಗಾಜು ತೆಗೀರಿ. ಗಾಜಲ್ಲಿ ಕಿಟಕಿ ಕಾಣ್ಸುತ್ತೆ, ಹೂವು ಕಾಣ್ಸಲ್ಲ” ಎಂದರು. ಸ್ಕ್ರೂ ಬಿಚ್ಚಿ ಗಾಜು ತೆಗೆದವಳು ನಾನೇ.

ಭಾನುವಾರ ಬೆಳಿಗ್ಗೆ ತಾತ ಗುದ್ದಲಿ, ಪಿಕಾಸಿ, ಕುಡುಗೋಲು, ತಳ್ಳುಗಾಡಿ ಎಲ್ಲವನ್ನೂ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು ಪೂಜೆ ಮಾಡಿದರು. ನನ್ನ ಮೇಜಿನ ಗೋಂದಿನ ಬಾಟಲಿಗೂ ಒಂದು ಬೊಟ್ಟು ಬಿತ್ತು. ಊಟದ ಹೊತ್ತಾದರೂ ನಾನಿನ್ನೂ ಬೋರ್ಡ್ ಬರೆಯುತ್ತಿದ್ದೆ. ಸೀಮೆಸುಣ್ಣ ಪದೇಪದೇ ಮುರಿದು ಸಿಟ್ಟು ಬಂದಿತ್ತು. ಬೆನ್ನ ಹಿಂದೆ ತಾತನ ದನಿ.

“ಒಳಗೂ ಇಟ್ಬಿಡ್ಲೇನವ್ವಾ?”

“ಇಡಿ ತಾತ, ಇಡಿ” ಎಂದೆ. ತಿರುಗಿ ನೋಡಲಿಲ್ಲ.

ಊಟ ಮುಗಿಸಿ ಒಳಗೆ ಹೋದೆ. ನಾಗಲಿಂಗದ ಚಿತ್ರದ ಮೇಲೆ, ಸರಿಯಾಗಿ ಆ ಲಿಂಗದ ಮೇಲೆ, ಮೂರು ಎಳೆ ವಿಭೂತಿ. ಅದರ ನಡುವೆ ಕುಂಕುಮದ ಬೊಟ್ಟು. ಒದ್ದೆ ಬೆರಳಿನಿಂದ ಇಟ್ಟದ್ದು, ಅಂಚು ಇನ್ನೂ ಹಸಿಯಾಗಿತ್ತು. ಬೇರೆ ಯಾವ ಚಿತ್ರಕ್ಕೂ ತಾತ ಕೈ ಹಚ್ಚಿರಲಿಲ್ಲ. ಅವುಗಳಲ್ಲಿ ಇದ್ದದ್ದು ಎಲೆ, ಕಾಯಿ, ಕೊಂಬೆ. ಇದರಲ್ಲಿ ಇದ್ದದ್ದು ಅವರ ಶಿವ. ಹಬ್ಬದ ದಿನ ಬರಿ ಹಣೆಯಲ್ಲಿ ಬಿಡಲು ಮನಸ್ಸು ಬಂದಿರಲಿಕ್ಕಿಲ್ಲ.

ಆಗ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಕರ್ಚೀಫಿನ ತುದಿ ಒದ್ದೆ ಮಾಡಿ ಒರೆಸಿದೆ. ಸಾಸಿವೆಯಷ್ಟಿದ್ದ ಕೆಂಪು ಹೆಡೆಯವರೆಗೂ ಹರಡಿತು. ಇನ್ನೊಮ್ಮೆ ಒರೆಸಿದೆ, ಕಾಗದದ ಮೇಲ್ಪದರ ಎದ್ದು ಬಂತು. ವಿಭೂತಿಯಂತೂ ಹೋಗಲೇ ಇಲ್ಲ. ಕರ್ಚೀಫನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಚಿತ್ರ ಕೆಳಗಿಳಿಸೋಣ ಎನ್ನುವಷ್ಟರಲ್ಲಿ ಜನ ಬಂದೇಬಿಟ್ಟರು. ಸೆಕ್ರೆಟರಿ ಹೇಳಿದ ಹಾಗೆಯೇ, ಹೊಸ ಬಟ್ಟೆ ಹಾಕಿಕೊಂಡು, ಮಕ್ಕಳ ಕೈ ಹಿಡಿದುಕೊಂಡು. ಬಾಪೂಜಿನಗರದಿಂದ ಬಂದೆವೆಂದ ಒಬ್ಬ ಹೆಂಗಸು ಚಿತ್ರದ ಮುಂದೆ ನಿಂತವರೇ ಕೈ ಮುಗಿದರು. ಮುಡಿಯಿಂದ ಒಂದು ತುಂಡು ಮಲ್ಲಿಗೆ ಕಿತ್ತು ಚೌಕಟ್ಟಿನ ಮೇಲೆ ಇಟ್ಟರು. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಮತ್ತೊಬ್ಬರು. ಒಬ್ಬರು ಲಿಂಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಕೈ ಚಾಚಿದರು. ನಾನು ಅಡ್ಡ ನಿಂತೆ.

“ಮುಟ್ಬೇಡಿ ಆಂಟಿ, ಚಿತ್ರ ಅದು.”

“ಕುಂಕುಮ ಇಟ್ಬಿಟ್ಟು ಮುಟ್ಬೇಡಿ ಅಂದ್ರೆ ಹೆಂಗಮ್ಮ?”

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಎರಡೂ ತೋಳು ಚಾಚಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ, ಸೆರಗಿನ ಒಳಗೆಲ್ಲ ಬೆವರು. ಹೊರಗೆ ಆಟೋ ನಿಂತ ಸದ್ದಾಯಿತು.

ಟೀಚರ್ ಕೊಡೆ ಮಡಿಸುತ್ತಾ ಬಂದರು, ಪಕ್ಕದಲ್ಲಿ ಸೆಕ್ರೆಟರಿ. ಜನ ದಾರಿ ಬಿಟ್ಟರು. ನಾನೂ ಪಕ್ಕಕ್ಕೆ ಸರಿಯಲೇಬೇಕಾಯಿತು. ಟೀಚರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸೆಕ್ರೆಟರಿಯ ಮುಖ ಕೆಂಪಾಯಿತು. ಜನರನ್ನು ಮರದ ಹತ್ತಿರ ಕಳಿಸಿ, ತಾತನನ್ನು ಕೂಗಿ ಕರೆದರು.

“ಯಾರಯ್ಯ ಇಟ್ಟಿದ್ದು ಇದನ್ನ?”

“ನಾನೇ ಸ್ವಾಮಿ. ಹಬ್ಬ ಅಲ್ವಾ, ಇಟ್ಟೆ.”

“ಯಾರನ್ನ ಕೇಳಿ ಇಟ್ಟೆ?”

ತಾತ ನನ್ನ ಕಡೆ ನೋಡಿದರು. ಒಂದೇ ಸಲ. “ಯಾರ್ನೂ ಕೇಳ್ಳಿಲ್ಲ ಸ್ವಾಮಿ” ಎಂದರು.

ಹೇಳಿಬಿಡು, ಹೇಳಿಬಿಡು ಎಂದು ಒಳಗೆ ಒಂದು ದನಿ. ಇನ್ನೊಂದೇ ತಿಂಗಳು, ಸುಮ್ಮನಿರು ಎಂದು ಮತ್ತೊಂದು. ಎರಡನೆಯದರ ಮಾತನ್ನೇ ಕೇಳಿದೆ. ಹೆದರಿದ್ದೆ, ಅಷ್ಟೇ. ಅದಕ್ಕೆ ಬೇರೆ ಬಣ್ಣ ಬಳಿಯುವುದು ಬೇಡ.

ಆಗ ಟೀಚರ್ ಮೊದಲ ಸಲ ಬಾಯಿ ಬಿಟ್ಟರು. “ಈ ಹೂವು ಬೆಳಿಗ್ಗೆ ಅರಳಿ ಒಂದೇ ದಿನಕ್ಕೆ ಮುಗಿದುಹೋಗುತ್ತೆ. ದಿನಾ ಒಂದೊಂದು ಹೊಸ ಹೂವು ಇಟ್ಕೊಂಡು ಬರ್ದಿದ್ದೀನಿ.” ಬೆರಳು ತಾಗಿಸದೆ ಕಾಗದದ ಎದ್ದ ಪದರವನ್ನು ತೋರಿಸಿದರು. “ಇಟ್ಟಿದ್ದು ಇರ್ಲಿ. ಒಣಗೋಕೆ ಬಿಟ್ಟಿದ್ರೆ ಬ್ಲೇಡಲ್ಲಿ ನಿಧಾನಕ್ಕೆ ತೆಗೀಬೋದಿತ್ತು. ಇದನ್ನ ಒರೆಸಿದ್ದು ಯಾರು?”

ತಾತನಿಗೆ ಅದು ಗೊತ್ತೇ ಇರಲಿಲ್ಲ. ಗಾಬರಿಯಿಂದ ಚಿತ್ರ ನೋಡಿದರು, ಟೀಚರನ್ನು ನೋಡಿದರು. ಆಮೇಲೆ ನನ್ನ ಸೊಂಟದಲ್ಲಿ ಸಿಕ್ಕಿಕೊಂಡಿದ್ದ ಕರ್ಚೀಫಿನ ಕೆಂಪು ತುದಿ ಅವರ ಕಣ್ಣಿಗೆ ಬಿತ್ತು.

“ಅದೂ ನಾನೇ ತಾಯಿ” ಎಂದರು.

“ಬೀಗದ ಕೈ ಕೊಟ್ಟು ಮನೆಗೆ ಹೋಗಯ್ಯ” ಎಂದರು ಸೆಕ್ರೆಟರಿ. “ನಾಳೆಯಿಂದ ಬರೋದು ಬೇಡ.”

ತಾತ ವಾದ ಮಾಡಲಿಲ್ಲ. ಉಡಿದಾರಕ್ಕೆ ಕೈ ಹಾಕಿದರು. ಎಷ್ಟೋ ವರ್ಷಗಳಿಂದ ಬಿಚ್ಚದ ಗಂಟು, ಬೇಗ ಬಿಚ್ಚಿಕೊಳ್ಳಲಿಲ್ಲ. ಕುಂಕುಮ ಹತ್ತಿದ ಬೆರಳುಗಳು ಗಂಟನ್ನು ಎಳೆಯುತ್ತಿದ್ದವು, ಜಾರುತ್ತಿದ್ದವು, ಮತ್ತೆ ಎಳೆಯುತ್ತಿದ್ದವು. ನಾನು ನೋಡುತ್ತಾ ನಿಂತಿದ್ದೆ. ಕೊನೆಗೆ ಗೊಂಚಲು ಮೇಜಿನ ಮೇಲೆ ಬಿದ್ದ ಸದ್ದು ಕೇಳಿದ ಮೇಲೆ ನನಗೆ ಬಾಯಿ ಬಂತು.

“ಸಾರ್, ತಾತ ನನ್ನ ಕೇಳಿದ್ರು. ಇಡಿ ಅಂದಿದ್ದು ನಾನು. ಒರೆಸಿದ್ದೂ ನಾನೇ.” ಕರ್ಚೀಫ್ ತೆಗೆದು ಬೀಗದ ಕೈಗಳ ಪಕ್ಕ ಇಟ್ಟೆ.

ಯಾರೂ ನನ್ನನ್ನು ಮೆಚ್ಚಲಿಲ್ಲ. ಟೀಚರ್ ಚಿತ್ರವನ್ನು ಇಳಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದರು. ನನ್ನ ಮುಖವನ್ನೂ ನೋಡಲಿಲ್ಲ. ಸೆಕ್ರೆಟರಿ ಗೊಂಚಲನ್ನು ತಾತನ ಕಡೆ ತಳ್ಳಿ, “ತಗೊಳ್ಳಯ್ಯ” ಎಂದರು. ನನಗೆ, “ಜನ ಕಾಯ್ತಾ ಇದಾರೆ, ಹೋಗ್ರೀ” ಎಂದರು. ಹೋದೆ. ಚಿತ್ರವಿಲ್ಲದ ಕಾರ್ಯಕ್ರಮದಲ್ಲಿ ಮರದ ಕೆಳಗೆ ನಿಂತು ಏನು ಮಾತಾಡಿದೆನೋ ಒಂದೂ ನೆನಪಿಲ್ಲ. ತಿಂಗಳ ಕೊನೆಗೆ ನನ್ನ ಕೆಲಸ ಹೋಯಿತು. ಅದು ನ್ಯಾಯವೇ.

ಆವತ್ತು ಸಂಜೆ ಜನ ಹೋದ ಮೇಲೆ ತಾತ ಗೇಟಿನ ಹತ್ತಿರ ಕಾಯುತ್ತಿದ್ದರು. ಪೂಜೆಯ ಕಡ್ಲೆಪುರಿ, ಅರ್ಧ ಹೋಳು ತೆಂಗಿನಕಾಯಿ ಕಟ್ಟಿದ ಪೊಟ್ಟಣ ನನ್ನ ಕೈಗಿಟ್ಟರು. ನಾನು ಅತ್ತುಬಿಟ್ಟೆ. ಅವರು ಗೊಂಚಲನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಬೆಳಕು ಕಡಿಮೆಯಾಗಿತ್ತು, ಗಂಟು ಕೂರುತ್ತಿರಲಿಲ್ಲ.

“ನೀವು ಹೇಳ್ತೀರಿ ಅಂತ ಗೊತ್ತಿತ್ತು ಕಣವ್ವ” ಎಂದರು, ತಲೆ ಎತ್ತದೆ. “ಗಂಟು ಬಿಚ್ಚೋಕೆ ಮುಂಚೆ ಹೇಳ್ತೀರಿ ಅನ್ಕೊಂಡಿದ್ದೆ. ಅದಕ್ಕೇ ನಿಧಾನಕ್ಕೆ ಬಿಚ್ದೆ.”