ಪಶ್ಚಿಮದ ಗೋಡೆಗೆ ಎರಡು ವರ್ಷ

"ಈ ಸಲ ಬಣ್ಣ ಹಚ್ಚಸ್ಲೋ ಬ್ಯಾಡೋ?"

ಪ್ರತಿ ಶುಕ್ರವಾರ ಸಂಜೆ ಐದಕ್ಕೆ ಒಮಾನಿನಿಂದ ಫೋನ್ ಬರುತ್ತಿತ್ತು. ನನ್ನ ನೆನಪಿನ ಪ್ರಕಾರ ಆ ಚಳಿಗಾಲವಿಡೀ ನನ್ನ ಗಂಡ ಕೇಳಿದ್ದು ಇದೊಂದೇ ಪ್ರಶ್ನೆ. ಹಾಗಿರಲಾರದು. ಮಗಳ ಶಾಲೆಯ ಬಗ್ಗೆ ಕೇಳಿರುತ್ತಾರೆ, ನನ್ನ ಕೆಮ್ಮಿನ ಬಗ್ಗೆ ಕೇಳಿರುತ್ತಾರೆ, ಜೋಳದ ಹಿಟ್ಟು ಸಿಕ್ಕಿತೇ ಎಂದಂತೂ ಖಂಡಿತ ಕೇಳಿರುತ್ತಾರೆ. ನೆನಪು ಅದನ್ನೆಲ್ಲ ಒರೆಸಿಹಾಕಿ ಒಂದು ಸಾಲನ್ನು ಮಾತ್ರ ಇಟ್ಟುಕೊಂಡಿದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ನನ್ನ ಹತ್ತಿರ ಇರುವುದೂ ಅಷ್ಟೇ.

ಅವರು ಅಲ್ಲಿ, ಮರುಭೂಮಿಯ ನಡುವಿನ ಒಂದು ಸಣ್ಣ ಊರಿನಲ್ಲಿ, ನೀರಿನ ಪಂಪುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಮನೆ ಕಂಪನಿಯದು. ಎರಡು ವರ್ಷಕ್ಕೊಮ್ಮೆ ಕರಾರು ಹೊಸದಾದಾಗ ಕಂಪನಿ ಮನೆಗೆ ಬಣ್ಣ ಹೊಡೆಸುತ್ತಿತ್ತು. ಬಿಟ್ಟುಹೋಗುವವರ ಮನೆಗೆ ಹೊಡೆಸುತ್ತಿರಲಿಲ್ಲ. ನಾನೂ ಎಂಟು ವರ್ಷ ಆ ಮನೆಯಲ್ಲಿದ್ದೆ. ಆಮೇಲೆ ಹಾಲೆಂಡಿನ ರೈಸ್‌ವೈಕ್‌ನ ಒಂದು ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ನಾನು ಮುಂದೆ ಬಂದೆ. "ಕರಾರು ಮುಗೀಲಿ, ನಿನ್ನ ಹಿಂದಿಂದನ ಬರ್ತೀನಿ" ಅಂದಿದ್ದರು. ಈಗ ಕರಾರು ಮುಗಿಯುವ ಹೊತ್ತು ಬಂದಿತ್ತು. ಬಣ್ಣ ಹೊಡೆಸಿದರೆ ಇನ್ನೆರಡು ವರ್ಷ ಬರುವುದಿಲ್ಲ. ಹೊಡೆಸದಿದ್ದರೆ ಮಾರ್ಚಿಗೆ ಬರುತ್ತಾರೆ. ಅವರಾಗಲಿ ನಾನಾಗಲಿ ಇದನ್ನು ಇಷ್ಟು ಬಿಡಿಸಿ ಹೇಳಿದ್ದಿಲ್ಲ.

"ನೀವೇನಂತೀರಿ?" ಎಂದು ನಾನು ಚೆಂಡನ್ನು ವಾಪಸು ತಳ್ಳುತ್ತಿದ್ದೆ.

"ಪಶ್ಚಿಮದ ಗ್ವಾಡಿ ಪುಡಿ ಉದುರ್ಲಿಕ್ಕತ್ತದ."

"ಉದುರ್ಲಿ ಬಿಡ್ರಿ. ಯಾರು ನೋಡಾವ್ರು ಇದ್ದಾರ?"

"ನಾ ಇದ್ದೀನಲ್ಲ, ನೋಡ್ಲಿಕ್ಕೆ."

ಆ ಮನೆಯ ಗೋಡೆಗಳಿಗೆ ಒಂದೊಂದಕ್ಕೂ ಒಂದೊಂದು ಆಯುಷ್ಯ. ಬಡಗಣ ಗೋಡೆ ಐದು ವರ್ಷವಾದರೂ ಅಲುಗುತ್ತಿರಲಿಲ್ಲ. ಒಳಗಿನವು ನಾಲ್ಕು ವರ್ಷ ತಡೆಯುತ್ತಿದ್ದವು. ಪಶ್ಚಿಮದ್ದು, ಮಧ್ಯಾಹ್ನದಿಂದ ಮುಳುಗುವವರೆಗಿನ ಬಿಸಿಲನ್ನು ಒಂದೇ ಸಮ ಮುಖದ ಮೇಲೆ ತೆಗೆದುಕೊಳ್ಳುವ ಗೋಡೆ, ಎರಡಕ್ಕೇ ಸೋಲುತ್ತಿತ್ತು. ಬಣ್ಣ ಮೊದಲು ಮಾಸುತ್ತದೆ, ಆಮೇಲೆ ಹಿಟ್ಟಾಗುತ್ತದೆ. ಸವರಿದರೆ ಅಂಗೈಗೆ ಬರುತ್ತದೆ. ನನ್ನ ಗಂಡನ ಪರೀಕ್ಷೆ ಅದೇ: ಕೆಲಸದಿಂದ ಬಂದವರು ಬಾಗಿಲು ತೆಗೆಯುವ ಮೊದಲು ಅಂಗೈಯನ್ನು ಒಮ್ಮೆ ಗೋಡೆಯ ಮೇಲೆಳೆದು, ಬೆಳಕಿಗೆ ಹಿಡಿದು, "ಇನ್ನೂ ಆರು ತಿಂಗಳು ತಡೀತದ" ಎನ್ನುವುದು. ಆ ಗೋಡೆಗೆ ಯಾರೂ ಒರಗುತ್ತಿರಲಿಲ್ಲ. ಗೊತ್ತಿಲ್ಲದೆ ಒರಗಿದ ಅತಿಥಿಗಳು ಬೆನ್ನ ಮೇಲೆ ನಮ್ಮ ಮನೆಯನ್ನು ಹೊತ್ತುಕೊಂಡು ಹೋಗುತ್ತಿದ್ದರು. ವರ್ಷಗಳು ಕಳೆದ ಮೇಲೆ ಒಳಗಿನ ಗೋಡೆಗೂ ನಾವು ಒರಗುವುದನ್ನು ಬಿಟ್ಟೆವು. ಊಟಕ್ಕೆ ಕೂತರೂ ಹರಟೆಗೆ ಕೂತರೂ ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ.

ಬಣ್ಣ ಹೊಡೆಯುವವರು ಸೂರ್ಯ ಹುಟ್ಟುವ ಮೊದಲೇ ಬರುತ್ತಿದ್ದರು. ಇಬ್ಬರು. ಅವರಲ್ಲಿ ಹಿರಿಯ, ಕೇರಳದವನು, ಡಬ್ಬ ತೆರೆಯುವುದಕ್ಕೂ ಮೊದಲು ಪೈಪು ಹಿಡಿದು ಗೋಡೆಯನ್ನು ಸ್ನಾನ ಮಾಡಿಸಿದಂತೆ ತೋಯಿಸುತ್ತಿದ್ದ. ಇಲ್ಲದಿದ್ದರೆ ಬಿಸಿ ಗೋಡೆ ಬಣ್ಣದೊಳಗಿನ ನೀರನ್ನೆಲ್ಲ ಗಟಗಟನೆ ಕುಡಿದು ಪುಡಿಯನ್ನಷ್ಟೇ ಉಳಿಸುತ್ತದೆ. ಅದು ಮರುಭೂಮಿಯ ಉಪಾಯ ಎಂದು ನನಗೆ ಆಗ ಅನ್ನಿಸಲೇ ಇಲ್ಲ. ಬಣ್ಣ ಹಚ್ಚುವುದೆಂದರೆ ಹಾಗೇ ಅಂದುಕೊಂಡಿದ್ದೆ. ನನ್ನ ಪಾಲಿಗೆ ಅದು ಅಕ್ಕಿ ತೊಳೆದು ಅನ್ನಕ್ಕಿಡುವಷ್ಟು ಸಹಜವಾಗಿತ್ತು.

ಎಂಟು ವರ್ಷದಲ್ಲಿ ಎಷ್ಟು ಸಲ ಹೊಡೆಸಿದೆವು? ನಾನು ನಾಲ್ಕು ಎನ್ನುತ್ತೇನೆ, ಅವರು ಮೂರು. ಮಗಳಿಗೆ ಒಂದು ಮಾತ್ರ ನೆನಪು, ಅದೂ ಪೈಪಿನಿಂದ ನೀರು ಹಾರಿಸಿಕೊಂಡದ್ದಕ್ಕಾಗಿ. ಯಾವ ಬಣ್ಣ? ಇಲ್ಲಿ ಜಗಳ ಇನ್ನೂ ದೊಡ್ಡದು. ಕಂಪನಿ ಕೊಡುತ್ತಿದ್ದದ್ದು ಬಿಳಿ. ಆ ಕೇರಳದವನಿಗೆ ಹೇಳಿ ನಾನು ಅದರಲ್ಲಿ ಹಳದಿ ಕಲಸುತ್ತಿದ್ದೆ, ಎಮ್ಮೆ ಬೆಣ್ಣೆಗೆ ಒಂದು ಚಿಟಿಕೆ ಅರಿಸಿನ ಬಿದ್ದಂಥ ಹಳದಿ. ನನ್ನ ತಲೆಯೊಳಗೆ ಆ ಮನೆ ಎಂಟು ವರ್ಷವೂ ಹಳದಿ. ಆದರೆ ಫೋಟೋ ಆಲ್ಬಮ್ ತೆರೆದರೆ, ಒಂದರ ಹಿಂದೊಂದು, ಬಿಳಿ ಗೋಡೆಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತ ನಾವು ಮೂವರು.

ಹೊರಡುವ ದಿನ ಅಡುಗೆಮನೆ ಬಾಗಿಲ ಪಕ್ಕ ಗೋಡೆಯ ಬಣ್ಣ ಎದ್ದುಕೊಂಡಿದ್ದ ಕಡೆಯಿಂದ ಒಂದು ಚೂರು ಕಿತ್ತು, ವಿಮಾನದ ಟಿಕೆಟ್ಟಿನ ಲಕೋಟೆಯಲ್ಲಿಟ್ಟುಕೊಂಡೆ.

ರೈಸ್‌ವೈಕ್‌ನ ಮನೆ ಸಾಲುಮನೆಗಳಲ್ಲೊಂದು. ಹೊರಗೋಡೆ ಇಟ್ಟಿಗೆಯದು, ಬಣ್ಣವೇ ಬೇಡ. ಬಂದ ಹೊಸತರಲ್ಲಿ ಒಂದು ಸಂಜೆ, ಕೈಯಲ್ಲಿ ತರಕಾರಿ ಚೀಲ, ಬೀಗ ತೆಗೆಯುವ ಮೊದಲು ಅಂಗೈಯನ್ನು ಆ ಇಟ್ಟಿಗೆಯ ಮೇಲೆ ಎಳೆದೆ. ಏನೂ ಬರಲಿಲ್ಲ. ತಣ್ಣಗಿತ್ತು, ಸ್ವಲ್ಪ ಒದ್ದೆ. ಆ ಸಾಲಿನ ಮನೆಗಳನ್ನು ನೋಡಿಕೊಳ್ಳುವ ಸಂಘದಿಂದ ಕಿಟಕಿ ಚೌಕಟ್ಟುಗಳಿಗೆ ಬಣ್ಣ ಹೊಡೆಯಲು ಒಬ್ಬ ಮುದುಕ ಪೇಂಟರ್ ಬಂದ. ಇನ್ನು ಯಾವಾಗ ಬರುತ್ತೀಯ ಎಂದು ಕೇಳಿದೆ. ಆರು ವರ್ಷಕ್ಕೆ, ಎಂದ. ಅಲ್ಲಿ ನಮ್ಮದು ಎರಡೇ ವರ್ಷಕ್ಕೆ ಹೋಗುತ್ತಿತ್ತು ಅಂದೆ. ಏಣಿಯ ಮೇಲಿಂದಲೇ ನನ್ನನ್ನು ನೋಡಿ, "ಹಾಗಾದರೆ ನಾನು ಅಲ್ಲಿ ಹುಟ್ಟಬೇಕಿತ್ತು, ಕೆಲಸಕ್ಕೆ ಬರವೇ ಇರುತ್ತಿರಲಿಲ್ಲ" ಎಂದು ನಕ್ಕ.

ನವೆಂಬರಿನಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದೆ. ಮೇಲಿನ ಸಣ್ಣ ಕೋಣೆಗೆ ಆ ಹಳದಿ ಹಚ್ಚುವುದು. ಅವರು ಮಾರ್ಚಿಗೆ ಬಂದು ಬಾಗಿಲು ತೆರೆದಾಗ ಅಲ್ಲಿಯ ಮನೆ ಇಲ್ಲಿರಬೇಕು. ಇನ್ನೂ ನಿಜ ಹೇಳಬೇಕೆಂದರೆ, ನಾನು ಇಲ್ಲಿ ಹಚ್ಚಿದರೆ ಅವರು ಅಲ್ಲಿ ಹಚ್ಚಿಸುವುದಿಲ್ಲ ಎಂಬ ಒಂದು ಲೆಕ್ಕಾಚಾರ ಒಳಗೆಲ್ಲೋ ನಡೆದಿತ್ತು. ಇಂಥ ಲೆಕ್ಕಾಚಾರಗಳನ್ನು ನನ್ನಂತೆ ಎಂಜಿನಿಯರಿಂಗ್ ಓದಿದವರೂ ಮಾಡುತ್ತಾರೆ.

ಲಕೋಟೆ ಹಿಡಿದುಕೊಂಡು ಬಣ್ಣದಂಗಡಿಗೆ ಹೋದೆ. ಅಂಗಡಿಯವಳು ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೊರಮೈ ಬಿಳಿ. ಒಳಮೈ ಹಳದಿ. ನಡುವಿನ ಅಂಚಿನಲ್ಲಿ ಗೆರೆಗೆರೆಯಾಗಿ ಪದರಗಳು. ಅವಳ ಭೂತಗನ್ನಡಿಯಲ್ಲಿ ಎಣಿಸಿದರೆ ಐದು. ನಾಲ್ಕೂ ಅಲ್ಲ, ಮೂರೂ ಅಲ್ಲ. ನಮಗಿಂತ ಮುಂಚೆ ಆ ಮನೆಯಲ್ಲಿ ಯಾರೋ ಇದ್ದರು ಎಂಬುದೇ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹಾಗಾದರೆ ಎಲ್ಲಕ್ಕಿಂತ ಒಳಗಿನ ಹಳದಿ ನನ್ನದೋ, ಆ ಮೊದಲಿನವರದೋ?

"ಯಾವ ಕಡೆಯದು ಬೇಕು?" ಅಂಗಡಿಯವಳು ಕೇಳಿದಳು.

ಒಳಗಿನದು, ಅಂದೆ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಬೆಂಗಳೂರಿನವಳು. ಶನಿವಾರ ಸಹಾಯಕ್ಕೆ ಬಂದಳು, ಹಳೇ ಸಲ್ವಾರಿನ ಮೇಲೆ ಗಂಡನ ಅಂಗಿ ತೊಟ್ಟು. ನಾನು ಬಕೆಟ್ಟು, ಸ್ಪಂಜು ಹಿಡಿದು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ತೋಯಿಸುತ್ತಿದ್ದೆ. ಬಾಗಿಲಲ್ಲೇ ನಿಂತುಬಿಟ್ಟಳು.

"ಏನ್ರೀ ಇದು, ಗೋಡೆಗೆ ಅಭಿಷೇಕ ಮಾಡ್ತಿದೀರಾ?"

"ತೋಯ್ಸಬೇಕ್ರೀ. ಇಲ್ಲಾಂದ್ರ ಹಿಡ್ಕೊಳ್ಳೂದಿಲ್ಲ."

"ಡಬ್ಬದ ಮೇಲೆ ಡಚ್‌ನಲ್ಲಿ ಉದ್ದುದ್ದ ಏನೋ ಬರ್ದಿದಾರೆ. ಒಂದ್ಸಲ ಡಿಕ್ಷನರಿ ನೋಡೋಣ್ವಾ?"

"ಬಣ್ಣ ಹಚ್ಚಲಿಕ್ಕೂ ಪರೀಕ್ಷಾ ಪಾಸಾಗ್ಬೇಕೇನ್ರೀ? ಎಂಟು ವರ್ಷ ನೋಡೀನಿ."

"ಓಕೆ ಮೇಡಮ್, ನೀವೇ ಎಕ್ಸ್‌ಪರ್ಟು. ನಂಗೇನು, ಬ್ರಷ್ ಕೊಡಿ."

ಒಂದು ಬಕೆಟ್ಟಲ್ಲ, ಮೂರು ಬಕೆಟ್ಟು ಕುಡಿಸಿದೆ ಆ ಗೋಡೆಗೆ. ಅದು ಕುಡಿಯಿತು; ಬೇಡ ಎನ್ನುವ ಸ್ವಭಾವ ಗೋಡೆಗಳಿಗಿಲ್ಲ. ಚಳಿಯೆಂದು ಕಿಟಕಿ ಬಿಗಿಯಾಗಿ ಮುಚ್ಚಿದ್ದೆ. ಸಂಜೆಗೆ ನಾಲ್ಕೂ ಗೋಡೆ ಹಳದಿಯಾಗಿ ಹೊಳೆಯುತ್ತಿದ್ದವು, ಗೆಳತಿ ಚಪ್ಪಾಳೆ ತಟ್ಟಿದಳು. ಮರುದಿನವೂ ಹೊಳೆಯುತ್ತಿದ್ದವು. ಬುಧವಾರವೂ. ಮಗಳು ಶಾಲೆಗೆ ಹೊರಡುವ ಮೊದಲು ಒಂದು ಬೆರಳು ಒತ್ತಿ ನೋಡಿ ಮೆಟ್ಟಿಲ ಮೇಲಿಂದ ವರದಿ ಕೂಗುತ್ತಿದ್ದಳು: "ಸ್ಟಿಲ್ ವೆಟ್, ಅಮ್ಮಾ!" ದಿನಕ್ಕೊಂದು ಬೆರಳಚ್ಚು. ಎಂಟನೆಯ ದಿನಕ್ಕೆ ಬಣ್ಣ ಸಡಿಲವಾದ ಚರ್ಮದಂತೆ ಜೋತು, ಕೆಳಗೆ ಇಳಿದಿತ್ತು. ಮೂಲೆಯಲ್ಲಿ ಕರಿ ಚುಕ್ಕೆ. ನೋಡಬೇಕೆಂದರೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನೋಡಬೇಕು.

ಮುಂದಿನ ಶುಕ್ರವಾರ ಫೋನಿನಲ್ಲಿ ಹೇಳಿದೆ.

"ತೋಯ್ಸಿದಿ?"

"ಹೂಂ."

"ಹಾಲೆಂಡಿನ್ಯಾಗ? ಮನಿ ಒಳಗಿನ ಗ್ವಾಡಿ?"

"ಹೂಂನ್ರೀ."

ನಕ್ಕರು. ಎಷ್ಟು ನಕ್ಕರೆಂದರೆ ಅಲ್ಲಿ ಫೋನು ಕೈಜಾರಿ ಬಿದ್ದ ಸದ್ದು ಕೇಳಿಸಿತು. ತಿಂಗಳುಗಳ ನಂತರ ಆ ನಗು. ನಾನೂ ನಕ್ಕೆ, ಆಮೇಲೆ ನಗು ನಿಂತು ಬೇರೆ ಏನೋ ಶುರುವಾಗಬಹುದು ಅನ್ನಿಸಿ ಕೆಮ್ಮಿದೆ. ಅವರು ಕೂಡಲೇ ಎಂಜಿನಿಯರ್ ಆದರು: ಎಲ್ಲ ಕೆರೆದು ತೆಗಿ, ಕಿಟಕಿ ತೆರೆದಿಡು, ಹೀಟರ್ ಹಾಕು, ಹದಿನೈದು ದಿನ ಮುಟ್ಟಬೇಡ. ಒಂದೊಂದನ್ನೂ ಎರಡೆರಡು ಸಲ ಹೇಳಿದರು. ನನಗೆ ಬೇಕಿದ್ದದ್ದು ಅದಲ್ಲವಾದರೂ ಅದೂ ಬೇಕಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡೆ.

ಆಮೇಲೆ ನಾನೇ ಕೇಳಿದೆ. "ಅಲ್ಲೆ ಹಚ್ಚಿಸಿದ್ರೇನು?"

"ಪಶ್ಚಿಮದ್ದಷ್ಟ. ಕಂಪನಿಯವ್ರಲ್ಲ, ನಾನ ಹಚ್ಚಿದೆ. ಇವತ್ತ ಮುಂಜಾನೆ."

"ಅಂದ್ರ?"

"ಉದುರೂದು ನೋಡ್ಲಿಕ್ಕಾಗಲಿಲ್ಲ."

"ಅಂದ್ರ ಏನ್ರೀ?"

"ಒಂದು ವರ್ಷಕ್ಕ ಸಹಿ ಹಾಕೀನಿ. ಎರಡಲ್ಲ. ಒಂದ. ಪಂಪು ನೋಡ್ಕೊಳ್ಳಾವ್ರು ಇನ್ನೂ ಯಾರೂ ಸಿಕ್ಕಿಲ್ಲ ಅವ್ರಿಗೆ." ಆಮೇಲೆ, "ಅಲ್ಲೆ ಬಂದು ನಾ ಏನ್ ಮಾಡ್ಲಿ, ಹೇಳು. ಮಳಿ ಎಣಿಸ್ಲೇನು?"

ನಾನು ಏನು ಹೇಳಿದೆ ಎಂಬುದನ್ನು ಬೇರೆ ಬೇರೆ ರೀತಿಯಲ್ಲಿ ನೆನೆಸಿಕೊಂಡಿದ್ದೇನೆ. ಒಂದರಲ್ಲಿ ಕೂಗಾಡುತ್ತೇನೆ. ಒಂದರಲ್ಲಿ ಬಹಳ ಘನವಾಗಿ, ನಿಮಗೆ ಸರಿ ಕಂಡದ್ದು ಮಾಡಿ ಎನ್ನುತ್ತೇನೆ. ಮಗಳ ಪ್ರಕಾರ ನಾನು, "ಗ್ವಾಡಿ ತೋಯ್ಸಿದ್ರಿಲ್ಲೋ?" ಎಂದು ಕೇಳಿ ಫೋನಿಟ್ಟೆ. ಅವಳದ್ದೇ ನಿಜವಿರಬೇಕು. ಅಷ್ಟು ಪೆದ್ದು ಮಾತನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಅವರು ಹೇಳಿದಂತೆ ಮಾಡಿದೆ. ಕೆರೆದೆ, ಒಣಗಿಸಿದೆ, ಫೆಬ್ರುವರಿಯಲ್ಲಿ ಮತ್ತೆ ಹಚ್ಚಿದೆ, ಒಂದು ಹನಿ ನೀರು ಸೋಕಿಸದೆ. ಈ ಸಲ ಗಟ್ಟಿಯಾಗಿ ಕೂತಿತು. ಮಾರ್ಚ್ ಬಂತು, ಹೋಯಿತು. ಆ ವರ್ಷವಿಡೀ ಪ್ರತಿ ಶುಕ್ರವಾರ ಫೋನಿನ ನಂತರ ಮೇಲೆ ಹೋಗಿ ಅಂಗೈಯನ್ನು ಆ ಹಳದಿಯ ಮೇಲೆಳೆದು ನೋಡುತ್ತಿದ್ದೆ. ಪುಡಿ ಬರಲಿ ಎಂದೇ ಆಸೆಪಟ್ಟಿದ್ದೇನೆ ಕೆಲವು ಸಲ. ಉದುರಿದ್ದರೆ ಎಷ್ಟು ದಿನವಾಯಿತೆಂದಾದರೂ ತಿಳಿಯುತ್ತಿತ್ತು. ಇಲ್ಲಿಯ ಗೋಡೆಯಲ್ಲಿ ಕಾಲವೇ ಸರಿಯುತ್ತಿರಲಿಲ್ಲ. ಮರುಭೂಮಿಯಲ್ಲಿ ಎರಡು ವರ್ಷವೆಂದರೆ ಕಣ್ಣಿಗೆ ಕಾಣುವ ವಸ್ತು. ಇಲ್ಲಿ ಒಂದೇ ವರ್ಷಕ್ಕೆ ಕೊನೆಯಿರಲಿಲ್ಲ.

ಮರುವರ್ಷ ಏಪ್ರಿಲಿನಲ್ಲಿ ಅವರು ಬಂದರು. ಎರಡು ಸೂಟ್‌ಕೇಸು, ಒಂದು ಡಬ್ಬ ಖರ್ಜೂರ. ನಾನು ಕೋಣೆಯ ಬಾಗಿಲು ತೆರೆದು ಪಕ್ಕಕ್ಕೆ ನಿಂತೆ. ಬಹಳ ಹೊತ್ತು ನೋಡಿದರು.

"ಛಲೋ ಆಗೇದ. ಯಾವ ಬಣ್ಣ ಇದು?"

"ನಮ್ದು."

"ನಮ್ದು ಬಿಳಿ ಇತ್ತಲ್ಲ?"

ಲಕೋಟೆ ಕಪಾಟಿನಲ್ಲೇ ಇತ್ತು. ತೆಗೆದು ತೋರಿಸಲಿಲ್ಲ. ಅದರ ಹೊರಮೈ ಅವರ ಪರ, ಒಳಮೈ ನನ್ನ ಪರ. ನಾನು ಒಂದು ಗೋಡೆಯನ್ನು ನೆನೆಯುತ್ತ ಕೂತಿದ್ದಾಗ ಅವರು ಅಲ್ಲಿ ಇನ್ನೊಂದರ ಜೊತೆ ಬಾಳುತ್ತಿದ್ದರು, ಅಷ್ಟೇ.

ಚಹಾ ತಂದೆ. ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು, ಬೆನ್ನು ನೆಟ್ಟಗೆ, ಗೋಡೆಗೂ ಬೆನ್ನಿಗೂ ನಡುವೆ ನಾಲ್ಕು ಬೆರಳು ಜಾಗ. ದಿನವಿಡೀ ಪ್ರಯಾಣ ಮಾಡಿ ಬಂದ ಮನುಷ್ಯ.

"ಒರಗ್ರೀ" ಅಂದೆ. "ಇದು ಉದುರೂದಿಲ್ಲ."

"ರೂಢಿ ಆಗೇದ."

"ಒರಗ್ರೀ ಒಂದ್ಸಲ."

ಒರಗಿದರು. ಕಣ್ಣು ಮುಚ್ಚಿದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಎದ್ದು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳ ಕಡೆಗೆ ಬೆನ್ನು ತಿರುಗಿಸಿ ಕೇಳಿದರು: "ನೋಡು, ಪುಡಿ ಹತ್ತೇದೇನು?"

"ನಥಿಂಗ್, ಅಪ್ಪಾ."

"ಸರಿಯಾಗಿ ನೋಡವಾ."

ಅವಳು ಹತ್ತಿರ ಬಂದು, ಆ ಅಂಗಿಯ ಬೆನ್ನನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.