ತಂಗಿಯ ಸರದಿ

ಜಪಾನಿನ ಮುರಾಕಮಿ ಊರಿನ ಸಮುದಾಯ ಭವನದಲ್ಲಿ ಫುಸಾಯೆಯವರ ಪ್ರದರ್ಶನವಿತ್ತು. ಆಕೆ ಗೋಡೆಗೆ ಹಲಗೆಗಳನ್ನು ತೂಗುಹಾಕುತ್ತಿದ್ದರು. ಪ್ರತಿ ಹಲಗೆಯ ಮೊಳೆಗಳಿಗೂ ಕೆಂಪು ದಾರ ಸಿಕ್ಕಿಸಿತ್ತು. ಅದು ಇಬ್ಬರು ಆಡುವ ದಾರದಾಟದ್ದು: ಒಬ್ಬರ ಬೆರಳುಗಳ ಮೇಲಿನ ದಾರವನ್ನು ಇನ್ನೊಬ್ಬರು ಎತ್ತಿಕೊಂಡು ಬೇರೆ ಆಕಾರ ಮಾಡಬೇಕು. ಫುಸಾಯೆ ಚಿಕ್ಕಂದಿನಿಂದ ತಂಗಿ ಕಿನುಯೆಯೊಡನೆ ಆ ಆಟವನ್ನು ಆಡಿದವರು. ತಂಗಿ ತೀರಿಕೊಂಡಾಗ ಆಕೆಗೆ ಅಳು ಬರಲಿಲ್ಲ. ಯಾವುದಾದ ಮೇಲೆ ತಂಗಿಯ ಸರದಿ ಬರುತ್ತಿತ್ತೋ ಆ ‘ಹೊಳೆ’ ಎಂಬ ಆಕಾರವನ್ನೇ ಮತ್ತೆ ಮತ್ತೆ ಮೊಳೆಗಳಿಗೆ ಬಿಗಿಯುತ್ತಾ ಕುಳಿತರು. ಅದನ್ನು ಯಾರೂ ಮುಟ್ಟಬಾರದೆಂಬುದೊಂದೇ ಆಕೆಯ ಕೋರಿಕೆ.

ಪ್ರದರ್ಶನ ನೋಡಲು ಬಂದ ನೆರೆಮನೆಯ ತೊಕಿಯೆಯ ಬೆರಳುಗಳು ಹಳೆಯ ಅಭ್ಯಾಸದಿಂದ ತಾವಾಗಿಯೇ ಮುಂದೆ ಹೋದವು. ಹೊಳೆ ಮೊಳೆಗಳಿಂದ ಕಳಚಿ ಅವರ ಕೈಯಲ್ಲಿ ಆಟದ ಮುಂದಿನ ಆಕಾರವಾದ ‘ದೋಣಿ’ಯಾಯಿತು.

“ಅಯ್ಯೋ, ಈ ಕೈಗೆ ಬೆಂಕಿ ಬೀಳ! ಸುಮ್ನಿರೋಕೇ ಬರಲ್ಲ ಇದಕ್ಕೆ. ತಪ್ಪಾಯ್ತು ಫುಸಾಯಕ್ಕ.”

ಫುಸಾಯೆ ದೋಣಿಯನ್ನೇ ನೋಡಿದರು. ಮುಖದಲ್ಲಿ ಕೋಪವೂ ಇರಲಿಲ್ಲ.

“ಕಿನುಯೆ ಇದನ್ನ ಕಿರುಬೆರಳಲ್ಲಿ ಎಳೀತಿದ್ಲು,” ಎಂದರು.

“ಅವಳದು ಯಾವಾಗ್ಲೂ ಮೋಸದಾಟವೇ ಬಿಡಕ್ಕ!”

“ಹೌದು.”

ಈಗೀಗ ಫುಸಾಯೆ ಹಲಗೆಗಳನ್ನು ಕೈಗೆಟಕುವಷ್ಟು ತಗ್ಗಿನಲ್ಲಿ ತೂಗುಹಾಕುತ್ತಾರೆ. ಬಂದವರು ಹೊಳೆಯನ್ನು ಎತ್ತಿಕೊಳ್ಳುತ್ತಾರೆ. ಆಕೆ ಮೂಲೆಯ ಕುರ್ಚಿಯಲ್ಲಿ ಮಡಿಲಮೇಲೆ ಕೈಯಿಟ್ಟು ನೋಡುತ್ತಿರುತ್ತಾರೆ. ಯಾರಾದರೂ ದಾರವನ್ನು ಆಕೆಯತ್ತ ಚಾಚಿದರೆ, “ನನಗೆ ಈಗ್ಲೇ ಬೇಡ, ನೀವು ಆಡಿ,” ಎನ್ನುತ್ತಾರೆ.