ಇದ್ದ ಆಯಿಲ್ ಎಲ್ಲಿ ಹೋತು?

ಕಲಘಟಗಿಯ ಆ ಮೆಕ್ಯಾನಿಕ್ ಚಪ್ಪಲಿ ಬಿಟ್ಟು ಬರಿಗಾಲಿನಿಂದಲೇ ಬ್ರೇಕ್ ಪೆಡಲ್ ಒತ್ತಿ ನೋಡುತ್ತಿದ್ದರು. ಯಾರು ಅವಸರ ಮಾಡಿದರೂ "ನಿಲ್ರಿ, ನೋಡೂಣು" ಎನ್ನುತ್ತಿದ್ದರು.

ಅಳ್ನಾವರದಲ್ಲಿ ತಂಗಿಯ ನಿಶ್ಚಿತಾರ್ಥವಿದ್ದ ದಿನ, ಅವಳನ್ನು ಕರೆದೊಯ್ಯುವಾಗ ನನ್ನ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗಿ ತಳಕ್ಕಿಳಿಯತೊಡಗಿತು. ಅವರ ಗ್ಯಾರೇಜಿನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರೆ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿತ್ತು.

"ಆಯಿಲ್ ಹಾಕಿ ಕಳಸ್ರಿ ಕಾಕಾ," ಎಂದೆ.

"ನಿಲ್ರಿ, ನೋಡೂಣು. ಇದ್ದದ್ದು ಎಲ್ಲಿ ಹೋತು?" ಎಂದು ಕಾರಿನ ಕೀಲಿ ಜೇಬಿಗೆ ಹಾಕಿಕೊಂಡರು.

ನಾನು ರೇಗಿದೆ. ಅವರು ಒಂದೊಂದೇ ಗಾಲಿ ಬಿಚ್ಚಿದರು. ನಾಲ್ಕನೆಯದರ ಒಳಗೆ ಬ್ರೇಕಿನ ಸಿಲಿಂಡರ್ ಸೋರಿ ಎಲ್ಲ ಆಯಿಲ್‌ನಿಂದ ಒದ್ದೆಯಾಗಿತ್ತು. ನನ್ನ ಬೆರಳು ಹಿಡಿದು ಅಲ್ಲಿಗೆ ಮುಟ್ಟಿಸಿದರು. ನನ್ನ ಸಿಟ್ಟು ಇಳಿಯಿತು.

ದುರಸ್ತಿಗೆ ಹೊತ್ತು ಹಿಡಿಯುವುದರಿಂದ ಅವರು ಗ್ಯಾರೇಜಿನ ಬಾಗಿಲು ಹಾಕಿ, ತಮ್ಮ ಹಳೆಯ ಜೀಪಿನಲ್ಲಿ ನಮ್ಮನ್ನು ಅಳ್ನಾವರಕ್ಕೆ ತಲುಪಿಸಿದರು. ತಂಗಿ ಊಟಕ್ಕೆ ಕರೆದಳು.

"ಒಲ್ಲೆವ್ವಾ, ಗಾಲಿ ಬಿಚ್ಚಿಟ್ಟು ಬಂದೀನಿ," ಎಂದು ಅವರು ಅಲ್ಲಿಂದಲೇ ತಿರುಗಿದರು.